ಬಕೆಟ್ಟಿನ ತಳದ ಬೆಲ್ಲ

ಕರಡಿ ಬಗ್ಗೆ ನಿಮಗೆ ಎಷ್ಟು ಸಹನೆ ಇದೆ ಎಂದು ಯಲ್ಲಕ್ಕನನ್ನು ಕೇಳಿ ಹೋದವರು ಒಬ್ಬಿಬ್ಬರಲ್ಲ. ಕೊನೆಗೆ ಕೇಳಿದವಳು ಶಿಲ್ಪಶ್ರೀ ಎಂಬ ಕಾಲೇಜು ಹುಡುಗಿ. ಹೊಸಪೇಟೆಯಿಂದ ಸ್ಕೂಟಿಯ ಮೇಲೆ ಬಂದಿದ್ದಳು. ಕೈಯಲ್ಲಿ ಪ್ರಶ್ನೆಗಳ ಹಾಳೆ ಇತ್ತು. ಒಂದರಿಂದ ಐದರೊಳಗೆ ಒಂದು ಅಂಕಿ ಹೇಳಬೇಕಂತೆ. ಒಂದು ಅಂದರೆ ಕರಡಿ ಕಂಡರೆ ಆಗುವುದೇ ಇಲ್ಲ, ಐದು ಅಂದರೆ ಇದ್ದರೆ ಇರಲಿ, ನಮ್ಮದೇನೂ ತಕರಾರಿಲ್ಲ.

"ಮೂರು ಬರ್ಕೋವ್ವ," ಅಂದಳು ಯಲ್ಲಕ್ಕ.

"ಯಾಕ್ರಿ ಮೂರು?"

"ನಡುಕಿಂದು. ಯಾರಿಗೂ ಬ್ಯಾಸರ ಆಗಂಗಿಲ್ಲ."

ಹುಡುಗಿ ಬರೆದುಕೊಂಡಳು. ಅಷ್ಟು ಹೊತ್ತೂ ಯಲ್ಲಕ್ಕನ ಮುಖದ ಬಲಗಡೆಯನ್ನೇ ನೋಡುತ್ತ, ಎಡಗಡೆಗೆ ಕಣ್ಣು ಹೋಗದಂತೆ ಪಾಪ ಭಾಳ ಕಷ್ಟಪಟ್ಟಳು. ಹದಿನಾಲ್ಕು ವರ್ಷದಿಂದ ಜನ ಹೀಗೇ. ಒಂದೋ ಎಡಗಡೆಯನ್ನೇ ನೋಡುತ್ತಾರೆ, ಇಲ್ಲ ಎಡಗಡೆಯನ್ನು ಬಿಟ್ಟು ಸೂರು, ಗೋಡೆ, ಕೋಳಿ ಎಲ್ಲ ನೋಡುತ್ತಾರೆ. ಎಡಗಡೆ ಕಣ್ಣಿಲ್ಲ. ಕಣ್ಣಿದ್ದ ಜಾಗದಿಂದ ಗದ್ದದವರೆಗೆ ಚರ್ಮ ಎಳೆದು ಹೊಲಿದ ಗುರುತು, ತುಟಿಯ ಒಂದು ತುದಿ ಮೇಲಕ್ಕೆ ಹೋಗಿ ಅಲ್ಲೇ ನಿಂತುಬಿಟ್ಟಿದೆ. ಅವಳು ಅತ್ತರೂ ಗೊತ್ತಿಲ್ಲದವರಿಗೆ ನಕ್ಕಂತೆ ಕಾಣುತ್ತದೆ. ಕ್ಷಮಾಗುಣದ ಹೆಣ್ಣುಮಗಳು ಎಂಬ ಹೆಸರು ಅವಳಿಗೆ ಬಂದದ್ದು ಬಹುಶಃ ಈ ತುಟಿಯಿಂದಲೇ. ಅವಳನ್ನು ಕೇಳಿದರೆ, ಕ್ಷಮಿಸುವುದಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕು, ಅದು ತನ್ನಲ್ಲಿಲ್ಲ ಅನ್ನುತ್ತಿದ್ದಳೇನೋ. ಹಾಗೆ ಯಾರೂ ಕೇಳಲಿಲ್ಲ.

ಅವರ ಊರು ಬುಕ್ಕಸಾಗರದ ರಸ್ತೆಯಿಂದ ಎರಡು ಮೈಲಿ ಒಳಗೆ. ಒಂದು ಕಡೆ ಕಾಲುವೆ, ಬಾಳೆ, ಭತ್ತ. ಇನ್ನೊಂದು ಕಡೆ ಬರೀ ಗುಂಡುಕಲ್ಲುಗಳ ಗುಡ್ಡ. ಗುಡ್ಡದ ಬೆನ್ನಿಗೆ ಕರಡಿಧಾಮದ ಬೇಲಿ. ಆ ಬೇಲಿಗೆ ಮನುಷ್ಯರು ಮರ್ಯಾದೆ ಕೊಡುತ್ತಾರೆ, ಕರಡಿಗಳು ಕೊಡುವುದಿಲ್ಲ. ಊರಿನಿಂದ ಕಾಲುವೆಗೆ ಹೋಗುವ ದಾರಿ ಎರಡು ದೊಡ್ಡ ಗುಂಡುಗಳ ನಡುವೆ ತಿರುಗುತ್ತದೆ. ಆ ತಿರುವಿನ ಹತ್ತಿರ ಬಂದಾಗ ಊರಿನ ಹೆಂಗಸರು ನಿಂತು ಗಟ್ಟಿಯಾಗಿ ಸದ್ದು ಮಾಡುತ್ತಾರೆ.

"ಬಂದ್ವಿ ಮಾವ, ದಾರಿ ಬಿಡು."

ಕರಡಿಗೆ ಅವರು ಕರಿಮಾವ ಅನ್ನುತ್ತಾರೆ. ಮಾವ ಪಡಸಾಲೆಯಲ್ಲಿ ಕುಳಿತಿದ್ದರೆ ಸೊಸೆ ದಡಕ್ಕನೆ ಒಳಗೆ ಬರುವಂತಿಲ್ಲ. ಹೊರಗೇ ನಿಂತು ಕೆಮ್ಮಬೇಕು, ಬಳೆ ಸದ್ದು ಮಾಡಬೇಕು. ಆಗ ಮಾವ ಧೋತ್ರ ಸರಿಮಾಡಿಕೊಂಡು ಕಾಲು ಮಡಚಿ ದಾರಿ ಬಿಡುತ್ತಾನೆ. ಗುಡ್ಡದ ಮಾವನಿಗೂ ಅದೇ ಮರ್ಯಾದೆ. ಕೂಗಿದರೆ ಗುಂಡುಗಳ ಹಿಂದೆ ಒಮ್ಮೆ ಗುರ್ರ್ ಅಂತ ಸದ್ದಾಗುತ್ತದೆ, ಕಲ್ಲು ಉರುಳುತ್ತದೆ, ಕರಿಮಾವ ಎದ್ದು ಹೋಗುತ್ತಾನೆ. ಯಲ್ಲಕ್ಕನ ಅತ್ತೆಯ ಕಾಲದಿಂದ ಹೀಗೇ ನಡೆದು ಬಂದಿದೆ. ಕೂಗಿ ಹೋದವರಿಗೆ ಯಾವತ್ತೂ ಏನೂ ಆಗಿಲ್ಲ ಎಂಬುದು ಊರಿನ ನಂಬಿಕೆ. ಆಗಿದ್ದರೆ, ಕೂಗಿರಲಿಕ್ಕಿಲ್ಲ.

ಹದಿನಾಲ್ಕು ವರ್ಷದ ಹಿಂದೆ, ಸೀತಾಫಲದ ಕಾಲದಲ್ಲಿ, ಯಲ್ಲಕ್ಕ ಗಂಡನ ಜೊತೆ ಜಗಳ ಮಾಡಿಕೊಂಡು ಬೆಳಗಿನ ಜಾವ ಬುಟ್ಟಿ ಹಿಡಿದು ಗುಡ್ಡದ ಕಡೆ ಹೋದಳು. ಜಗಳ ಯಾತಕ್ಕೆಂದು ಈಗ ಇಬ್ಬರಿಗೂ ನೆನಪಿಲ್ಲ. ತಿರುವಿನಲ್ಲಿ ಮರಿ ಹೊತ್ತ ಕರಡಿ ಎದುರಾಯಿತು. ಅದರ ಮುಂದಿನದು ಅವಳಿಗೆ ಬಿಡಿಬಿಡಿಯಾಗಿ ನೆನಪಿದೆ. ಉಗುರು, ನಾರುವ ಬಾಯಿ, ಹಣ್ಣುಗಳು ಇಳಿಜಾರಿನಲ್ಲಿ ಉರುಳುತ್ತ ಹೋದದ್ದು. ಆಸ್ಪತ್ರೆಯಲ್ಲಿ ಎಚ್ಚರವಾದಾಗ ಗಂಡ ಗುಡ್ಡಪ್ಪ ಮಂಚದ ಪಕ್ಕ ನಿಂತು ಬಂದವರಿಗೆಲ್ಲ ಹೇಳುತ್ತಿದ್ದ: "ಸಿಟ್ಟಿನ್ಯಾಗ ಹೋಗ್ಯಾಳ. ಬಾಯಿ ಬಿಟ್ಟಿಲ್ಲ. ಕೂಗಿದ್ರ ಆಗ್ತಿದ್ದಿಲ್ಲ."

ಅಂದಿನಿಂದ ಅದೇ ಕತೆ. ಯಲ್ಲಕ್ಕ ಕೂಗಲಿಲ್ಲ, ಆದ್ದರಿಂದ ಕರಡಿ ಹಿಡಿಯಿತು. ಅವಳೂ ಹಾಗೇ ಹೇಳಿಕೊಂಡು ಬಂದಳು. ಇದರಲ್ಲಿ ಒಂದು ಸಮಾಧಾನವೂ ಇತ್ತು. ಕರಡಿಗೆ ಒಂದು ರೀತಿನೀತಿ ಇದೆ, ತಪ್ಪಿದ್ದು ತಾನು ಅಂದುಕೊಂಡರೆ ಮತ್ತೆ ಅದೇ ದಾರಿಯಲ್ಲಿ ಕೊಡ ಹಿಡಿದು ಹೋಗಬಹುದಿತ್ತು. ಕರಡಿ ಸುಮ್ಮಸುಮ್ಮನೆ ಮೈಮೇಲೆ ಬೀಳುತ್ತದೆ ಅಂದುಕೊಂಡರೆ ಹೋಗಲು ಆಗುತ್ತಿರಲಿಲ್ಲ. ನೀರು ಯಾರು ತರಬೇಕು?

ಅವಳು ಮನೆಗೆ ಬಂದ ತಿಂಗಳಿಗೆ ಅರಣ್ಯ ಇಲಾಖೆಯ ಆಗಿನ ಸಾಹೇಬರೊಬ್ಬರು ನೋಡಲು ಬಂದರು. ಮುಖ ನೋಡಿ ಏನು ಹೇಳಬೇಕೋ ತಿಳಿಯದೆ, ಗುಡ್ಡಪ್ಪನಿಗೆ ಕರಡಿಧಾಮದಲ್ಲಿ ವಾಚರ್ ಕೆಲಸ ಕೊಟ್ಟು ಹೋದರು. ಮನೆಯ ಅನ್ನ ಹುಟ್ಟಿದ್ದು ಅವಳ ಕಣ್ಣಿನಿಂದ. ಅವಳು ಇದನ್ನು ಯಾವತ್ತೂ ಎತ್ತಿ ಆಡಲಿಲ್ಲ. ಅವನಿಗೆ ಅದು ಹೊಳೆದೇ ಇರಲಿಲ್ಲವೋ ಏನೋ, ಗಂಡಸರಿಗೆ ಕೆಲವು ಸಂಗತಿಗಳು ಹೊಳೆಯದಿರುವುದೇ ಅನುಕೂಲ.

ಗುಡ್ಡಪ್ಪನ ಕೆಲಸ ಬೆಲ್ಲದ್ದು. ಮಧ್ಯಾಹ್ನ ಬಿಸಿನೀರಿನಲ್ಲಿ ಬೆಲ್ಲ ಕಲಸಿ, ಗಟ್ಟಿ ಪಾಕ ಮಾಡಿ, ಬಕೆಟ್ಟಿನಲ್ಲಿ ಹೊತ್ತು ಬೇಲಿಯ ಒಳಗಿನ ಬಂಡೆಗಳಿಗೆ ಕೈಯಿಂದ ಮೆತ್ತಬೇಕು. ನಾಲ್ಕು ಗಂಟೆಗೆ ಕರಡಿಗಳು ಇಳಿದು ಬಂದು ನೆಕ್ಕುತ್ತವೆ, ಎದುರಿನ ಗೋಪುರದಲ್ಲಿ ಪ್ರವಾಸಿಗಳು ದುರ್ಬೀನು ಹಿಡಿದು ನೋಡುತ್ತಾರೆ. ಪ್ರವಾಸಿಗಳಿಗೆ ಅವನು ಹೆಂಡತಿಯ ಕತೆಯನ್ನೂ ಹೇಳುತ್ತಿದ್ದ. ಕೆಲವರು ಕತೆ ಕೇಳಿ ಮನೆಯವರೆಗೂ ಬಂದು ಯಲ್ಲಕ್ಕನ ಜೊತೆ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅವಳು ಬಾಗಿಲಲ್ಲಿ ನಿಂತು ಸೆರಗು ಸರಿಸುತ್ತಿದ್ದಳು. ಬಾಗಿಲಿಗೆ ಬಂದವರಿಗೆ ಇಲ್ಲ ಅನ್ನಲು ಅವಳಿಗೆ ಬರುತ್ತಿರಲಿಲ್ಲ.

ಆ ಕೆಲಸಕ್ಕೆ ಒಂದೇ ಕಟ್ಟಪ್ಪಣೆ. ಬೆಲ್ಲ ಬೇಲಿ ದಾಟಬಾರದು. ಬಕೆಟ್ಟನ್ನು ಒಳಗಿನ ನೀರಿನ ಗುಂಡಿಯಲ್ಲೇ ತಿಕ್ಕಿ ತೊಳೆದು ಬರಬೇಕು. ಹದಿನಾಲ್ಕು ವರ್ಷ ಗುಡ್ಡಪ್ಪ ಅದನ್ನು ತಪ್ಪಿಸಿರಲಿಲ್ಲ.

ಈ ಸಲ ಕಾರ್ತಿಕ ಕಳೆದು ವಾರವಾಗಿತ್ತು. ಪಕ್ಕದ ಮನೆಯ ಸುಂಕಮ್ಮನ ಸೊಸೆ ಭಾಗ್ಯಳನ್ನು ಕರಡಿ ಹಿಡಿಯಿತು. ಭಾಗ್ಯ ಕಂಪ್ಲಿ ಕಡೆಯವಳು, ಮದುವೆಯಾಗಿ ಬಂದು ವರ್ಷ ತುಂಬಿರಲಿಲ್ಲ. ಅವಳ ತವರಿನಲ್ಲಿ ಕಣ್ಣು ಹಾಯಿಸಿದಷ್ಟೂ ಗದ್ದೆ, ಗುಡ್ಡವೇ ಇಲ್ಲ. ಬೆಳಕು ಹರಿಯುವ ಹೊತ್ತಿಗೆ ಬಟ್ಟೆ ಒಗೆಯಲು ಕಾಲುವೆಗೆ ಹೋದವಳು ತಿರುವಿನಲ್ಲಿ ಬಿದ್ದಿದ್ದಳು. ಗದ್ದೆಗೆ ಹೊರಟಿದ್ದ ಗಂಡಸರು ಬೊಬ್ಬೆ ಹಾಕಿ ಬಿಡಿಸಿದರು. ತಲೆಯ ಚರ್ಮ, ಕೆನ್ನೆ, ಒಂದು ತೋಳು ಹರಿದಿದ್ದವು, ಜೀವ ಇತ್ತು. ಹೊಸಪೇಟೆಗೆ ಒಯ್ದರು, ಅಲ್ಲಿಂದ ಬಳ್ಳಾರಿಗೆ.

ಮೂರನೇ ದಿನ ಸುಂಕಮ್ಮನ ಮಗ ಹೊನ್ನೂರುಸ್ವಾಮಿ ಒಂದು ಅರ್ಜಿ ಬರೆಸಿಕೊಂಡು ಬಂದ. ಕರಡಿಯನ್ನು ಬೋನಿಟ್ಟು ಹಿಡಿಯಬೇಕು, ಹಿಡಿಯದಿದ್ದರೆ ಊರಿನವರೇ ದಾರಿ ನೋಡಿಕೊಳ್ಳುತ್ತಾರೆ ಎಂದು ಅದರಲ್ಲಿತ್ತು. ಆ ದಾರಿ ಯಾವುದೆಂದು ಎಲ್ಲರಿಗೂ ಗೊತ್ತು, ಹಂದಿಗೆ ಇಡುವ ಉರುಲು.

"ದೊಡ್ಡಮ್ಮ, ನಿನ್ನ ಸಹಿ ಮೊದ್ಲು ಬೀಳ್ಬೇಕು," ಅಂದ. "ನಿನ್ ಸಹಿ ಇದ್ರ ಸಾಹೇಬ್ರು ಇಲ್ಲ ಅನ್ನಂಗಿಲ್ಲ."

ಅರ್ಜಿಯನ್ನು ಯಲ್ಲಕ್ಕ ಒಂದೇ ಕಣ್ಣಿನಿಂದ ಓದಿದಳು. "ಭಾಗ್ಯನ್ನ ನೋಡಿ ಬಂದು ಹಾಕ್ತೀನಿ," ಅಂದಳು.

ಬಳ್ಳಾರಿ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಭಾಗ್ಯಳ ತಲೆಯೆಲ್ಲ ಬಟ್ಟೆ ಸುತ್ತಿತ್ತು. ಎರಡು ಕಣ್ಣೂ ಉಳಿದಿದ್ದವು. ಅದನ್ನು ನೋಡಿ ಯಲ್ಲಕ್ಕನಿಗೆ ಮೊದಲು ಸಮಾಧಾನವಾಯಿತು, ಆಮೇಲೆ ಒಂದು ಕ್ಷಣ ಹೊಟ್ಟೆಕಿಚ್ಚೂ ಆಯಿತು, ಆ ಹೊಟ್ಟೆಕಿಚ್ಚಿಗೆ ನಾಚಿಕೆಯಾಯಿತು. ಮಂಚದ ತುದಿಗೆ ಕುಳಿತು ಹುಡುಗಿಯ ಪಾದದ ಮೇಲೆ ಕೈ ಇಟ್ಟಳು. ಬೇರೆ ಎಲ್ಲಿ ಮುಟ್ಟಿದರೂ ನೋಯುತ್ತದೆ ಎಂದು ಅವಳಿಗೆ ಗೊತ್ತಿತ್ತು.

"ಅತ್ತಿ," ಅಂದಳು ಭಾಗ್ಯ. ಮಾತು ಹಲ್ಲಿನ ನಡುವಿನಿಂದ ಬರುತ್ತಿತ್ತು. "ನಾ ಕೂಗಿದ್ದೆ."

ಯಲ್ಲಕ್ಕ ಮಂಚದ ತುದಿಯಿಂದ ಇನ್ನಷ್ಟು ಹತ್ತಿರ ಸರಿದಳು.

"ನೀವು ಹೇಳಿಕೊಟ್ಟಂಗ ನಿಂತು ಕೂಗಿದ್ನಿ. ಎರಡು ಸಲ. ಬಕೀಟೂ ಬಡದ್ನಿ. ಅದು ಎದ್ದು ಹೋಗಲಿಲ್ಲ. ಏನೋ ನೆಕ್ಕೋ ಸಪ್ಪಳ ಬರ್ತಿತ್ತು, ನಾಯಿ ಇರಬೇಕಂತ ಮುಂದಕ್ಕೆ ಹೋದ್ನಿ. ಎಲ್ಲಾರೂ ನಾ ಕೂಗಿಲ್ಲಂತಾರ. ನೀವರೆ ಹೇಳ್ರಿ ಅತ್ತಿ, ನಾ ಕೂಗಿದ್ದೆ."

"ಹೇಳ್ತೀನಿ," ಅಂದಳು ಯಲ್ಲಕ್ಕ.

ವಾಪಸು ಬರುವಾಗ ಬಸ್ಸಿನ ಕಿಟಕಿ ಪಕ್ಕ ಕುಳಿತವಳಿಗೆ ಇಷ್ಟು ವರ್ಷ ಬಾರದ ಸಿಟ್ಟು ಬಂತು. ಕರಡಿಯ ಮೇಲೆ ಅವಳಿಗೆ ಬಂದ ಮೊದಲ ಸಿಟ್ಟು ಅದು. ಹುಡುಗಿ ಕೂಗಿದ್ದಾಳೆ, ಬಕೆಟ್ ಬಡಿದಿದ್ದಾಳೆ, ಆದರೂ ಹಿಡಿದಿದೆ. ಹಾಗಾದರೆ ಮಾವನೂ ಇಲ್ಲ, ಮರ್ಯಾದೆಯೂ ಇಲ್ಲ. ಹದಿನಾಲ್ಕು ವರ್ಷ ಒಂದು ಮೃಗದ ತಪ್ಪನ್ನು ತನ್ನ ತಲೆಗೆ ಕಟ್ಟಿಕೊಂಡು, ಬಂದವರಿಗೆಲ್ಲ ಬಾಗಿಲಲ್ಲಿ ನಿಂತು ಮುಖ ತೋರಿಸಿದ್ದೇ ಬಂತು. ಆ ಬೆಳಿಗ್ಗೆ ತಾನು ಕೂಗಿದ್ದೆನೋ ಏನೋ ಎಂದು ನೆನಪಿಸಿಕೊಳ್ಳಲು ನೋಡಿದಳು. ಗಂಡನ ಮಾತು ಮಾತ್ರ ನೆನಪಾಯಿತು. ಅವನು ಅಲ್ಲಿ ಇರಲಿಲ್ಲ, ಮನೆಯಲ್ಲಿ ಮಲಗಿದ್ದ. ಇಷ್ಟು ಸರಳವಾದ ಸಂಗತಿ ಇಷ್ಟು ದಿನ ತಲೆಗೆ ಹೋಗದೆ ಇದ್ದದ್ದು ಹೇಗೆ ಎಂದು ಅವಳಿಗೇ ಆಶ್ಚರ್ಯವಾಯಿತು. ಅರ್ಜಿಗೆ ಸಹಿ ಹಾಕುವುದೇ ಸರಿ ಎಂದು ತೀರ್ಮಾನಿಸಿಕೊಂಡಳು.

ಬುಕ್ಕಸಾಗರದ ರಸ್ತೆಯಲ್ಲಿ ಇಳಿದಾಗ ಇನ್ನೂ ಬಿಸಿಲಿತ್ತು. ಮನೆಗೆ ನೆಟ್ಟಗೆ ಹೋಗದೆ ಕಾಲುವೆಯ ದಾರಿ ಹಿಡಿದಳು. ತಿರುವಿನಲ್ಲಿ ನಿಂತು ಅಭ್ಯಾಸಬಲದಿಂದ "ಬಂದೆ ಮಾವ" ಅಂದಳು. ಅಂದದ್ದಕ್ಕೆ ತನ್ನ ಮೇಲೇ ಸಿಟ್ಟಾದಳು. ಭಾಗ್ಯಳ ಒಂದು ಚಪ್ಪಲಿ ಅಲ್ಲೇ ಬಿದ್ದಿತ್ತು. ಅದನ್ನು ಎತ್ತಿಕೊಳ್ಳಲು ಬಗ್ಗಿದಾಗ ಪಕ್ಕದ ಬಂಡೆಯ ಮೇಲೆ ಇರುವೆಗಳ ಸಾಲು ಕಂಡಿತು.

ಬಂಡೆ ಸೊಂಟದೆತ್ತರಕ್ಕೆ ನುಣ್ಣಗೆ ಹೊಳೆಯುತ್ತಿತ್ತು. ನೆಕ್ಕಿ ನೆಕ್ಕಿ ಆದ ಹೊಳಪು. ಸಂದಿಯೊಂದರಲ್ಲಿ ಕಂದು ಅಂಟು ಉಳಿದಿತ್ತು. ಬೆರಳು ಹಚ್ಚಿ ಮೂಸಿದಳು, ಬೆಲ್ಲ. ಬಂಡೆಯ ಬುಡದಲ್ಲಿ ಗೋಣಿಯ ಒಂದು ತುಂಡು, ಅಂಚಿಗೆ ನೀಲಿ ಪಟ್ಟಿ. ಮೆಣಸಿನಕಾಯಿ ಚೀಲ ಕತ್ತರಿಸಿ ಆ ತುಂಡು ಮಾಡಿದವಳು ಅವಳೇ. ಬಕೆಟ್ ತಿಕ್ಕಲು ಬೇಕೆಂದು ಗುಡ್ಡಪ್ಪ ಕೇಳಿದ್ದ.

ಯಲ್ಲಕ್ಕ ಚಪ್ಪಲಿಯನ್ನೂ ಗೋಣಿಯನ್ನೂ ಹಿಡಿದುಕೊಂಡು ಅಲ್ಲೇ ಕುಕ್ಕರಿಸಿದಳು. ಕರಡಿಯ ಮೇಲೆ ಬಂದ ಸಿಟ್ಟನ್ನು ಈಗ ಎಲ್ಲಿ ಇಳಿಸಬೇಕು ಎಂದು ತಿಳಿಯಲಿಲ್ಲ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಎಂಬುದು ಆಗ ನೆನಪಾಯಿತು.

ಗುಡ್ಡಪ್ಪ ಮನೆಗೆ ಬಂದು ಕೈಕಾಲು ತೊಳೆದು ಕುಳಿತ ಮೇಲೆ ಗೋಣಿಯ ತುಂಡನ್ನು ಅವನ ಮುಂದೆ ಇಟ್ಟಳು. ಅವನು ಅದನ್ನು ನೋಡಿದ, ಮೊಣಕಾಲು ನೀವಿಕೊಂಡ.

"ಎಷ್ಟು ದಿನದಿಂದ?" ಅಂದಳು.

"ದಸರಾದಿಂದ." ಗೋಣಿಯ ತುಂಡನ್ನು ಪಕ್ಕಕ್ಕೆ ಸರಿಸಿ ಹೇಳಿದ, "ಗುಂಡಿತನ ಇಳಿಯಾಕ ಮಣಕಾಲು ಒಪ್ಪವಲ್ದು. ಸೀಳುದಾರಿ ಹಿಡದು ಕಾಲುವ್ಯಾಗ ತೊಳಕೊಂಡು ಬರ್ತಿದ್ದೆ."

"ಕಾಲುವ್ಯಾಗ ತೊಳದ್ರ ಬಂಡಿಗಲ್ಲಿಗ್ಯಾಕ ಬೆಲ್ಲ?"

"ತಳದಾಗ ಒಂದೀಟು ಉಳಿತಿತ್ತು. ಬೆಲ್ಲ ನೀರಿಗ್ ಚೆಲ್ಲಾಕ ಮನಸು ಬರಲಿಲ್ಲ. ಉಣ್ಣೋ ಪದಾರ್ಥ. ಇರಿವಿಗರೆ ಆಗಲಿ ಅಂತ ಬಂಡಿಗಿ ಸವರಿ ಬರ್ತಿದ್ದೆ. ಇರಿವಿಗಿ ಹಾಕಿದ್ರ ಪುಣ್ಯ ಅಂತಿದ್ಲು ನಮ್ಮವ್ವ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಯಲ್ಲಕ್ಕನಿಗೂ ಅದು ಗೊತ್ತಿತ್ತು. ಅವಳ ಅತ್ತೆ ಸಕ್ಕರೆ ಡಬ್ಬಿ ತೊಳೆದ ನೀರನ್ನು ಸಹ ಇರುವೆ ಗೂಡಿನ ಪಕ್ಕ ಚೆಲ್ಲುತ್ತಿದ್ದಳು. ಈ ಮನೆಯಲ್ಲಿ ಬೆಲ್ಲವನ್ನು ನೀರುಪಾಲು ಮಾಡುವವರು ಯಾರೂ ಇಲ್ಲ. ದುರುದ್ದೇಶವಿದ್ದಿದ್ದರೆ ಬೈದು ಮುಗಿಸಬಹುದಿತ್ತು. ಮೊಣಕಾಲು ನೋವನ್ನೂ ಇರುವೆಯ ಮೇಲಿನ ಕರುಣೆಯನ್ನೂ ಹಿಡಿದು ಬೈಯುವುದು ಹೇಗೆ?

"ಹುಡಿಗಿ ಕೂಗ್ಯಾಳ," ಅಂದಳು. "ಬೆಲ್ಲ ಬಿಟ್ಟು ಕರಡಿ ಏಳಲಿಲ್ಲ. ಅಷ್ಟ ಆಗಿದ್ದು."

"ಗೊತ್ತು."

"ನಾಳೆ ಸಭಾ ಐತಿ."

"ಹೇಳ್ತೀನಿ," ಅಂದ ಗುಡ್ಡಪ್ಪ. "ಇಂಥಾದು ಯಾರೋ ಹೇಳೋದು ಬ್ಯಾಡ. ನಾನ ಎದ್ದು ನಿಂತು ಹೇಳ್ತೀನಿ. ಕೆಲಸ ಹೋದ್ರ ಹೋಗ್ಲಿ."

ಆ ಮಾತಿಗೆ ಯಲ್ಲಕ್ಕನಿಗೆ ಅವನ ಮೇಲೆ ಎಷ್ಟೋ ವರ್ಷದ ಮೇಲೆ ಪ್ರೀತಿ ಹುಟ್ಟಿತು. ಮೊಣಕಾಲಿಗೆ ಎಣ್ಣೆ ಕಾಯಿಸಿ ಕೊಟ್ಟಳು.

ಮರುದಿನ ಬೆಳಿಗ್ಗೆ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಸಭೆ. ಫಾರೆಸ್ಟರ್ ಮಲ್ಲಿಕಾರ್ಜುನ್ ಬಂದಿದ್ದ, ಕೆಲಸಕ್ಕೆ ಸೇರಿ ಎರಡು ವರ್ಷವಾಗಿರದ ಹುಡುಗ. ಅವನಿಗೆ ಕರಡಿಯೂ ಬೇಕು, ಊರಿನವರೂ ಬೇಕು, ಎರಡನ್ನೂ ಹೇಗೆ ಇಟ್ಟುಕೊಳ್ಳುವುದೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಹೊನ್ನೂರುಸ್ವಾಮಿ ಅರ್ಜಿ ಓದಿದ. ಒಬ್ಬರ ಮೇಲೊಬ್ಬರು ಮಾತಾಡಿದರು. ಕರಡಿ ಈ ಸಲ ಮೆಕ್ಕೆಜೋಳ ಹಾಳು ಮಾಡಿತು ಅಂದರು. ಹಿಂದೆ ಹೀಗಿರಲಿಲ್ಲ, ಸಂಡೂರು ಕಡೆಯ ಗುಡ್ಡಗಳನ್ನು ಗಣಿಗೆಂದು ಅಗೆದ ಮೇಲೆ ಅಲ್ಲಿನ ಕರಡಿಗಳೂ ಇಲ್ಲಿಗೆ ಬಂದಿವೆ ಅಂದರು. ಅದು ಜಾಂಬವಂತನ ಸಂತಾನ, ಉರುಲು ಹಾಕಿದರೆ ಊರಿಗೆ ಒಳ್ಳೆಯದಾಗುವುದಿಲ್ಲ ಎಂದು ಒಬ್ಬ ಮುದುಕ ಹೇಳಿದ. ಅವನಿಗೆ ಹೊಲವೂ ಇರಲಿಲ್ಲ, ಸೊಸೆಯೂ ಇರಲಿಲ್ಲ. ಸುಂಕಮ್ಮ ಮಾತ್ರ ಏನೂ ಅನ್ನದೆ ಕಟ್ಟೆಯ ತುದಿಯಲ್ಲಿ ಕುಳಿತಿದ್ದಳು.

"ಗುಡ್ಡಪ್ಪ, ನೀವು ಹಳಬ್ರು," ಅಂದ ಮಲ್ಲಿಕಾರ್ಜುನ್. "ಇಷ್ಟು ವರ್ಷ ಆಗದ್ದು ಈಗ ಯಾಕ ಆತು ಅಂತೀರಿ?"

ಗುಡ್ಡಪ್ಪ ಎದ್ದು ನಿಂತ. ಯಲ್ಲಕ್ಕ ಹೆಂಗಸರ ಸಾಲಿನಲ್ಲಿ ಕುಳಿತು ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಅವನು ಸಾಹೇಬನನ್ನು ನೋಡಿದ, ಊರಿನವರನ್ನು ನೋಡಿದ, ತನ್ನ ಖಾಕಿ ಅಂಗಿಯ ಗುಂಡಿ ಮುಟ್ಟಿಕೊಂಡ.

"ಏನಿಲ್ರಿ ಸಾಹೇಬ್ರ," ಅಂದ. "ಹುಡಿಗಿ ಕಂಪ್ಲಿ ಕಡೀದು. ಇಲ್ಲೀ ರೀತಿ ಗೊತ್ತಿಲ್ಲ. ಕೂಗದ ಹೋಗಿರ್ಬೇಕು. ನಮ್ಮಾಕಿದೂ ಅವತ್ತು ಹಂಗ ಆತು."

ಎಲ್ಲರೂ ಯಲ್ಲಕ್ಕನ ಕಡೆ ತಿರುಗಿದರು. ಈ ತಿರುಗುವಿಕೆ ಅವಳಿಗೆ ಹೊಸದಲ್ಲ. ಅವಳು ಸುಮ್ಮನೆ ಒಮ್ಮೆ ತಲೆಯಾಡಿಸಿದರೆ ಸಾಕಿತ್ತು. ಊರು ಹೌದೌದು ಅನ್ನುತ್ತಿತ್ತು, ಅರ್ಜಿ ಹರಿದುಹೋಗುತ್ತಿತ್ತು, ಕರಡಿ ಗುಡ್ಡದಲ್ಲೇ ಉಳಿಯುತ್ತಿತ್ತು, ಗುಡ್ಡಪ್ಪನ ಕೆಲಸವೂ ಉಳಿಯುತ್ತಿತ್ತು. ಬಂಡೆಯನ್ನು ನಾಳೆ ಅವಳೇ ತೊಳೆಯಬಹುದಿತ್ತು. ಬಳ್ಳಾರಿಯಲ್ಲಿ ಮಲಗಿದ ಹುಡುಗಿಯೊಬ್ಬಳು ಮಾತ್ರ ಮುಂದಿನ ನಲವತ್ತು ವರ್ಷ ಕೂಗದೆ ಹೋದವಳಾಗಿ ಬದುಕಬೇಕಿತ್ತು. ಹಾಗೆ ಬದುಕುವುದು ಹೇಗಿರುತ್ತದೆ ಎಂದು ಆ ಕಟ್ಟೆಯ ಮೇಲೆ ಗೊತ್ತಿದ್ದದ್ದು ಒಬ್ಬಳಿಗೇ.

ಯಲ್ಲಕ್ಕ ಎದ್ದಳು. ಸಿಟ್ಟಿನಿಂದಲ್ಲ. ಸಿಟ್ಟು ನಿನ್ನೆ ಆ ಬಂಡೆಯ ಬಳಿಯೇ ಮುಗಿದಿತ್ತು. ದಣಿವಾಗಿತ್ತು. ಆ ಕತೆಯನ್ನು ಇನ್ನೊಂದು ಸಲ ಕೇಳುವುದು ಅವಳಿಂದ ಆಗುತ್ತಿರಲಿಲ್ಲ.

"ಹುಡಿಗಿ ಕೂಗ್ಯಾಳ," ಅಂದಳು. "ಎರಡು ಸಲ ಕೂಗ್ಯಾಳ, ಬಕೀಟು ಬಡದಾಳ. ತಿರುವಿನ ಬಂಡಿಗಲ್ಲಿನ ಮ್ಯಾಲ ಬೆಲ್ಲ ಇತ್ತು. ಅದು ನಮ್ಮನಿ ಬಕೀಟಿನ ಬೆಲ್ಲ. ದಸರಾದಿಂದ ಇವ್ರು ಕಾಲುವ್ಯಾಗ ಬಕೀಟು ತೊಳದು, ಉಳಿದಿದ್ದು ಆ ಬಂಡಿಗಿ ಸವರಿ ಬರ್ತಿದ್ರು. ಇರಿವಿಗಿ ಅಂತ. ಹೋಗಿ ನೋಡ್ರಿ, ಇನ್ನಾ ಅಂಟು ಐತಿ."

ಅವಳು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಗೋಣಿಯ ತುಂಡನ್ನು ತೆಗೆದು ಕಟ್ಟೆಯ ಮೇಲೆ ಇಟ್ಟಳು.

"ನಂದೂ ಒಂದು ಮಾತು ಐತಿ. ನಾನು ಅವತ್ತು ಕೂಗಿದ್ನೋ ಇಲ್ಲೋ ನನಗ ನೆನಪಿಲ್ಲ. ಇವ್ರು ಅಲ್ಲಿದ್ದಿಲ್ಲ. ಇನ್ನ ಮ್ಯಾಲ ಯಾರೂ ಆ ಮಾತು ಆಡಬ್ಯಾಡ್ರಿ."

ಹೇಳಿ ಕುಳಿತಳು. ಗುಡ್ಡಪ್ಪ ನಿಂತೇ ಇದ್ದ. ಕುಳಿತುಕೊಳ್ಳಲು ಯಾರೋ ಹೇಳಲಿ ಎಂದು ಕಾಯುತ್ತಿದ್ದಂತಿತ್ತು, ಯಾರೂ ಹೇಳಲಿಲ್ಲ.

ಆಮೇಲಿನದು ಬೇಗ ಬೇಗ ಆಯಿತು. ಬೆಲ್ಲದ ರುಚಿ ಹತ್ತಿದ ಕರಡಿ ಆ ದಾರಿ ಬಿಡುವುದಿಲ್ಲ, ಬೇರೆ ಕಾಡಿಗೆ ಸಾಗಿಸಲೇಬೇಕು ಅಂದ ಮಲ್ಲಿಕಾರ್ಜುನ್. ಮೇಲಿನವರ ಒಪ್ಪಿಗೆ ಬಂದ ಮೇಲೆ ತಿರುವಿನ ಹತ್ತಿರ ಬೋನು ತಂದು ಇಟ್ಟರು. ಬೋನಿನೊಳಗೆ ಬೆಲ್ಲ ಮೆತ್ತಲು ಗುಡ್ಡಪ್ಪನನ್ನೇ ಕರೆದರು. ಅವನ ಕೈವಾಸನೆ ಕರಡಿಗೆ ಗೊತ್ತು, ಹೊಸಬರು ಮೆತ್ತಿದರೆ ಒಳಗೆ ಬರಲಿಕ್ಕಿಲ್ಲ ಎಂದು. ಅದೇ ಅವನ ಕೊನೆಯ ಕೆಲಸ. ಮೂರನೆಯ ಬೆಳಿಗ್ಗೆ ಕರಡಿ ಸಿಕ್ಕಿತು.

ಊರೆಲ್ಲ ನೋಡಲು ಹೋಯಿತು, ಯಲ್ಲಕ್ಕನೂ ಹೋದಳು. ಮುದಿ ಗಂಡು ಕರಡಿ. ಹಲ್ಲು ಸವೆದಿದ್ದವು, ಕಿವಿಯ ಹತ್ತಿರ ಕೂದಲು ಉದುರಿತ್ತು. ಇಷ್ಟು ಜನರ ಗದ್ದಲದ ನಡುವೆಯೂ ಅದು ಸರಳಿಗೆ ಅಂಟಿದ ಬೆಲ್ಲವನ್ನು ನೆಕ್ಕುತ್ತಿತ್ತು. ಎದುರು ನಿಂತರೆ ಭಯವಾಗಬಹುದು, ಇಲ್ಲ ದ್ವೇಷ ಬರಬಹುದು ಎಂದುಕೊಂಡಿದ್ದಳು. ಅಯ್ಯೋ ಅನ್ನಿಸಿತು, ಅಷ್ಟೇ. ಗಾಡಿ ಹೊರಟಾಗ ಬೋನು ಅಲುಗಾಡಿ, ಕರಡಿ ಕಾಲೂರಲು ಜಾಗ ಸಿಗದೆ ಎರಡು ಸಲ ಬಿತ್ತು. ಪಕ್ಕದಲ್ಲಿ ನಿಂತವರು ನಕ್ಕರು. ಅವಳು ಮನೆಗೆ ಬಂದಳು.

ಸುಂಕಮ್ಮ ಮಾತು ಬಿಟ್ಟಳು. ಎರಡು ಮನೆಗಳ ನಡುವಿನ ಗಿಡ್ಡ ಗೋಡೆಯ ಮೇಲೆ ಇಪ್ಪತ್ತು ವರ್ಷದಿಂದ ಪಲ್ಯದ ಬಟ್ಟಲು ಆಚೆಗೂ ಈಚೆಗೂ ಓಡಾಡುತ್ತಿತ್ತು. ಸಭೆಯ ಮರುದಿನ ಯಲ್ಲಕ್ಕನ ಬಟ್ಟಲು ತೊಳೆದು ಬೋರಲಾಗಿ ಗೋಡೆಯ ಮೇಲೆ ಕುಳಿತಿತ್ತು. ಖಾಲಿ ಬಟ್ಟಲು ವಾಪಸು ಕೊಡುವ ಪದ್ಧತಿ ಈ ಕಡೆ ಇಲ್ಲ. ಯಲ್ಲಕ್ಕ ಅದನ್ನು ಒಳಗೆ ತಂದಿಟ್ಟಳು. ಸತ್ಯ ಹೇಳಿದವಳು ತಾನು, ಬಟ್ಟಲು ಬೋರಲಾದದ್ದೂ ತನ್ನದೇ ಎಂದು ಅವಳಿಗೆ ನೋವಾಯಿತು. ಆದರೆ ಸುಂಕಮ್ಮನ ಜಾಗದಲ್ಲಿ ತಾನಿದ್ದರೂ ಇದನ್ನೇ ಮಾಡುತ್ತಿದ್ದೆ ಎಂದೂ ಅನ್ನಿಸಿತು.

ಗುಡ್ಡಪ್ಪ ಕೆಲಸ ಹೋಗಿ ಮನೆಯಲ್ಲೇ ಉಳಿದ. ಹಳೆಯ ಅಭ್ಯಾಸದಂತೆ ಹೊಸ್ತಿಲಲ್ಲಿ ಗೋಡೆಗೆ ಒರಗಿ, ನೋಯುವ ಕಾಲನ್ನು ಬಾಗಿಲಿಗೆ ಅಡ್ಡ ಚಾಚಿಕೊಂಡು ಕೂರುತ್ತಿದ್ದ. ಬೈಯಲಿಲ್ಲ, ಮಾತೂ ಆಡಲಿಲ್ಲ. ಒಂದೇ ಒಂದು ಸಲ ಅಂದ: "ಹೇಳಬೇಕಂತನ ಎದ್ದಿದ್ನಿ. ಬಾಯಾಗ ಬ್ಯಾರೇನೋ ಬಂತು." ಯಲ್ಲಕ್ಕ ನಂಬಿದಳು. ನಂಬಿದರೂ ಎಣ್ಣೆ ಕಾಯಿಸಲು ಮನಸ್ಸು ಬರಲಿಲ್ಲ. ಅವಳು ಬಾಳೆ ತೋಟದ ಕೂಲಿಗೆ ಹೋಗತೊಡಗಿದಳು, ಐವತ್ತೆರಡರ ವಯಸ್ಸಿನಲ್ಲಿ ಗೊನೆ ಹೊರಲು.

ಒಂದು ತಿಂಗಳ ಮೇಲೆ ಭಾಗ್ಯ ಮನೆಗೆ ಬಂದಳು. ಯಲ್ಲಕ್ಕ ನೋಡಲು ಹೋಗದೆ ನಾಲ್ಕು ದಿನ ತಡೆದಳು. ಐದನೆಯ ಸಂಜೆ ತೋಟದಿಂದ ಬರುವಾಗ ಹುಡುಗಿ ಕಾಲುವೆಯ ದಂಡೆಯ ಮೇಲೆ ಒಬ್ಬಳೇ ಕುಳಿತದ್ದು ಕಂಡಿತು. ಕೆನ್ನೆಯ ಹೊಲಿಗೆ ಇನ್ನೂ ಕೆಂಪಗಿತ್ತು, ತಲೆಗೆ ಬಟ್ಟೆ ಕಟ್ಟಿದ್ದಳು. ಯಲ್ಲಕ್ಕ ಹೋಗಿ ಪಕ್ಕದಲ್ಲಿ ಕುಳಿತಳು. ಭಾಗ್ಯ ಸರಿದು ಕೂರಲಿಲ್ಲ.

"ಅತ್ತಿ, ಕನ್ನಡಿ ಯಾವಾಗ ನೋಡಿದ್ರಿ?"

"ಎರಡು ವರ್ಷ ನೋಡಲಿಲ್ಲ. ಆಮ್ಯಾಲ ಒಂದಿನ ಹಬ್ಬಕ್ಕ ಕುಂಕುಮ ಇಟ್ಕೊಳ್ಳಾಕಂತ ನೋಡಿದ್ನಿ."

"ಅಳು ಬಂತೇನ್ರಿ?"

"ಬಂತು. ಕುಂಕುಮ ನೆಟ್ಟಗ ಇಟ್ಕೊಂಡ್ನಿ."

ಕಾಲುವೆಯ ಆಚೆ ಯಾರೋ ಎಮ್ಮೆ ಮೈ ತೊಳೆಯುತ್ತಿದ್ದರು. ಭಾಗ್ಯ ಸ್ವಲ್ಪ ಹೊತ್ತು ಅದನ್ನೇ ನೋಡಿದಳು.

"ನೀವು ಹೇಳಿದ್ದು ಗೊತ್ತಾತು," ಅಂದಳು. "ಮೊನ್ನಿ ಆ ಕಾಲೇಜ್ ಹುಡಿಗಿ ಬಂದಿದ್ಲು, ಹಾಳಿ ಹಿಡ್ಕೊಂಡು. ಕರಡಿಗಿ ಎಷ್ಟು ಕೊಡ್ತಿ ಅಂದ್ಲು. ಐದು ಬರ್ಕೋ ಅಂದ್ನಿ. ಅದಕ್ಕೇನು ಗೊತ್ತು ಪಾಪ, ಬೆಲ್ಲ ಇತ್ತು, ತಿಂತಿತ್ತು. ಕರಡಿ ಮ್ಯಾಲ ನಂಗ ಸಿಟ್ಟಿಲ್ಲ ಅತ್ತಿ. ನಿಮ್ಮನಿಯವ್ರನ್ನ ಮಾತ್ರ ಕ್ಷಮ್ಸಾಕ ಆಗವಲ್ದು."

"ಬ್ಯಾಡ, 'ಕ್ಷಮ್ಸು' ಅಂತ ಯಾರು ಹೇಳ್ಯಾರ?"

"ನೀವು ಹೆಂಗ ಇರ್ತೀರಿ, ಒಂದ ಮನ್ಯಾಗ?"

ಹದಿನಾಲ್ಕು ವರ್ಷದಲ್ಲಿ ನೂರು ಜನ ಅವಳನ್ನು ಕರಡಿಯ ಪಕ್ಕದಲ್ಲಿ ಹೇಗೆ ಇರುತ್ತೀರಿ ಎಂದು ಕೇಳಿದ್ದರು. ಅದಕ್ಕೆ ಉತ್ತರ ಬಾಯಿಪಾಠವಾಗಿತ್ತು. ಗುಡ್ಡಪ್ಪನ ಪಕ್ಕದಲ್ಲಿ ಹೇಗೆ ಇರುತ್ತೀರಿ ಎಂದು ಯಾರೂ ಕೇಳಿರಲಿಲ್ಲ. ಹುಡುಗಿಯ ತಲೆಬಟ್ಟೆ ಸಡಿಲವಾಗಿತ್ತು, ಅದನ್ನು ಬಿಚ್ಚಿ ನೋವಾಗದಂತೆ ಮತ್ತೆ ಕಟ್ಟಿಕೊಟ್ಟಳು.

"ಕತ್ಲಾಗಾದ್ರಾಗ ಏಳವ್ವ," ಅಂದಳು.

ತಿರುವಿನಲ್ಲಿ ಇಬ್ಬರೂ ನಿಂತರು. ಕರಡಿ ಹೋಗಿ ತಿಂಗಳಾಗಿದ್ದರೂ ಗುಡ್ಡ ಖಾಲಿಯಾಗಿರಲಿಲ್ಲ, ಬೇರೆ ಕರಡಿಗಳಿದ್ದವು. ಯಲ್ಲಕ್ಕ ಕೂಗಿದಳು. ಭಾಗ್ಯಳೂ ಕೂಗಿದಳು, ಹೊಲಿಗೆ ಎಳೆಯುವಷ್ಟು ಜೋರಾಗಿ. ಕಾದರು. ಏನೂ ಸದ್ದಿಲ್ಲ. ದಾಟಿ ಹೋದರು. ಭಾಗ್ಯ ತನ್ನ ಮನೆಯ ಕಡೆ ತಿರುಗಿದಳು.

ಯಲ್ಲಕ್ಕನ ಮನೆಯ ಹೊಸ್ತಿಲಲ್ಲಿ ಗುಡ್ಡಪ್ಪ ಗೋಡೆಗೆ ಒರಗಿ ಕುಳಿತಿದ್ದ, ಕಾಲು ಬಾಗಿಲಿಗೆ ಅಡ್ಡ ಚಾಚಿತ್ತು. ಮೂವತ್ತು ವರ್ಷ ಅವಳು ಆ ಕಾಲನ್ನು ದಾಟಿಯೋ, ಸರಿಸಿಯೋ ಒಳಗೆ ಹೋಗಿದ್ದಾಳೆ. ಇವತ್ತು ಅಂಗಳದಲ್ಲೇ ನಿಂತಳು. ಗಂಟಲು ಸರಿಮಾಡಿಕೊಂಡಳು.

"ಬಂದೆ," ಅಂದಳು ಗಟ್ಟಿಯಾಗಿ.

ಗುಡ್ಡಪ್ಪ ತಲೆ ಎತ್ತಿ ಅವಳನ್ನು ನೋಡಿದ. ಆಮೇಲೆ ಎರಡೂ ಕೈಯಿಂದ ಕಾಲನ್ನು ಎತ್ತಿ ಮಡಚಿಕೊಂಡು ದಾರಿ ಬಿಟ್ಟ.